ಅಪ್ಪನ ಎದೆ ಮೇಲೆ ಬೆಳೆದ ಕೂಸು: ನನ್ನ ಅನುಭವ

ಇದು ಕಾಂಗರೂ ಆರೈಕೆಯ ಕಥೆ, ಅಂದರೆ ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ಬರೀ ಎದೆಗೆ ಕಟ್ಟಿಕೊಂಡು ಮೈ ಕಾವು ಕೊಡೋದು. ನಮ್ಮ ಮಗಳು ಹುಟ್ಟಿದ್ದು 29 ವಾರಕ್ಕೆ, ಏಪ್ರಿಲ್ ಕೊನೆಯಲ್ಲಿ, ಬಳ್ಳಾರಿಯಲ್ಲಿ. ತೂಕ 1,240 ಗ್ರಾಂ. ಹೆಂಡತಿಗೆ ಬಿಪಿ ಏರಿ ಮುಖ, ಕಾಲು ಊದಿಕೊಂಡು, ಸಿರುಗುಪ್ಪದಿಂದ ರಾತ್ರೋರಾತ್ರಿ ಕರೆದುಕೊಂಡು ಬಂದೆ, ಬೆಳಗಿನ ಜಾವಕ್ಕೆ ಸಿಸೇರಿಯನ್ ಆಯ್ತು. ಎನ್‌ಐಸಿಯು ಅಂದರೆ ಹಸುಗೂಸುಗಳ ಐಸಿಯು, ಸಿಪಾಪ್ ಅಂದರೆ ಉಸಿರಾಟಕ್ಕೆ ಗಾಳಿ ಒತ್ತಿ ಕೊಡೋ ಮೆಷಿನ್; ಅದಕ್ಕಿಂತ ಜಾಸ್ತಿ ಇಲ್ಲಿ ಬರೆಯಲ್ಲ. ಇದನ್ನು ಓದುತ್ತಿರೋರು ಆ ಗಾಜಿನ ಹೊರಗೆ ನಿಂತು ಬಂದವರೇ, ಇಲ್ಲಾ ಈಗ ನಿಂತಿರೋರು.

ನಾನು ರೈಸ್ ಮಿಲ್ಲಿನಲ್ಲಿ ಕಾಟಾ ಮೇಲೆ ಕೂರೋನು. ಹನ್ನೊಂದು ವರ್ಷ ಭತ್ತದ ಲಾರಿ ತೂಗಿದ್ದೇನೆ. ಇದನ್ನು ಯಾಕೆ ಹೇಳಿದೆ ಅಂದರೆ ಕೊನೆಗೆ ನನಗೆ ಕೈ ಹಿಡಿದಿದ್ದು ಅದೇ ಕೆಲಸ.

ಮೊದಲ ಹದಿನಾರು ದಿನ ಖಾಸಗಿ ಆಸ್ಪತ್ರೆ. ದಿನಕ್ಕೆ ಒಂಬತ್ತು ಸಾವಿರ ಅಂದಿದ್ದರು, ಔಷಧಿ ಬೇರೆ. ಶ್ವಾಸಕೋಶಕ್ಕೆ ಬಿಡೋ ಔಷಧಿ ಒಂದು ಸಲಕ್ಕೇ ಹದಿನಾಲ್ಕು ಸಾವಿರದ ಹತ್ತಿರ ಆಯ್ತು. ಒಟ್ಟು ಎರಡು ಲಕ್ಷ ಹತ್ತು ಸಾವಿರ ಅಂತ ನೆನಪು. ಮಿಲ್ ಸಾಹುಕಾರರ ಹತ್ತಿರ ಐವತ್ತು ಸಾವಿರ ಅಡ್ವಾನ್ಸ್ ತಗೊಂಡೆ, ಹೆಂಡತಿಯ ಸರ, ಬಳೆ ಬ್ಯಾಂಕಿನಲ್ಲಿಟ್ಟು ತೊಂಬತ್ತು, ಅರ್ಧಕ್ಕೆ ಚೀಟಿ ಎತ್ತಿದ್ದು ನಲವತ್ತು, ಉಳಿದಿದ್ದು ಭಾವ ಕೊಟ್ಟರು. ಆ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ. ಕೂಸಿನ ಉಸಿರು ಉಳಿದಿದ್ದೇ ಅಲ್ಲಿ. ಆದರೆ ಅಲ್ಲಿ ದಿನಕ್ಕೆ ಹತ್ತು ನಿಮಿಷ, ಗಾಜಿನ ಹೊರಗಿಂದ. ಹೆಂಡತಿ ಮಗಳನ್ನು ಮೊದಲ ಸಲ ಮುಟ್ಟಿದ್ದು ಒಂಬತ್ತನೇ ದಿನ, ಅದೂ ಒಂದು ಬೆರಳಲ್ಲಿ. ಅದು ಇವತ್ತಿಗೂ ಮನಸ್ಸಿಂದ ಹೋಗಿಲ್ಲ.

ನಾನು ಮಾಡಿದ ಮೊದಲ ತಪ್ಪು ಮಾನಿಟರ್ ನೋಡಿದ್ದು. ರಕ್ತದ ಆಕ್ಸಿಜನ್ 94, 91, 96, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ಮೂರ್ನಾಲ್ಕು ಪುಟ ತುಂಬಿತು, ಒಂದಕ್ಕೂ ಅರ್ಥ ಇಲ್ಲ. ಕಾಲಿನ ವೈರ್ ಸಡಿಲ ಆದರೂ ಅಲಾರಂ, ಕೂಸು ಕಾಲು ಝಾಡಿಸಿದರೂ ಅಲಾರಂ. ಸಂಜೆ ಹೆಂಡತಿಗೆ "ಇವತ್ತು 88 ಆಗಿತ್ತು" ಅಂತ ಹೇಳೋದು, ಅವಳು ಅಳೋದು, ಆ ದಿನ ಹಾಲೇ ಬರದೇ ಇರೋದು. ನಾಲ್ಕು ದಿನ ಹೀಗೇ ಮಾಡಿದ್ದೇನೆ. ದಯವಿಟ್ಟು ನೀವು ಮಾಡಬೇಡಿ.

ಎರಡನೇ ತಪ್ಪು ದಿನದಿನದ ತೂಕ ನಂಬಿದ್ದು. ಐದನೇ ದಿನ 1,110ಕ್ಕೆ ಇಳಿಯಿತು. ಎಲ್ಲಾ ಕೂಸುಗಳೂ ಇಳೀತಾವೆ ಅಂತ ಡಾಕ್ಟರ್ ಹೇಳಿದ್ದರು, ಆದರೂ ನನಗೆ ಎದೆ ಒಡೆಯಿತು. ಆಮೇಲೆ ಒಂದು ದಿನ ನಲವತ್ತು ಗ್ರಾಂ ಏರಿತು ಅಂತ ನಮ್ಮ ಅವ್ವ ವಾರ್ಡಿಗೆಲ್ಲ ಪೇಡೆ ಹಂಚಿದಳು. ಮಾರನೇ ದಿನ ಐವತ್ತು ಕಮ್ಮಿ. ಯಾಕೆ ಅಂತ ವಿಚಾರಿಸಿದರೆ, ಒಂದು ದಿನ ಡೈಪರ್ ಸಮೇತ ತೂಗಿದ್ದಾರೆ, ಇನ್ನೊಂದು ದಿನ ಬರೀ ಮೈ, ಅದೂ ಬೇರೆ ತಕ್ಕಡಿ. ಆಗ ತಲೆಗೆ ಹೊಳೆಯಿತು. ಲಾರಿ ತೂಗುವಾಗ ನಾನು ಬಾರದಾನ, ಅಂದರೆ ಖಾಲಿ ಚೀಲದ ತೂಕ, ಕಳೆಯದೆ ಒಂದು ಚೀಲದ ಲೆಕ್ಕವನ್ನೂ ಬರೆಯಲ್ಲ. ನನ್ನ ಮಗಳದ್ದು ಮಾತ್ರ ಟೋಪಿ, ಕಾಲುಚೀಲ, ಡ್ರಿಪ್ ಸೂಜಿಗೆ ಅಂತ ಕೈಗೆ ಕಟ್ಟಿದ ಹಲಗೆ ಸಮೇತ ಬರೆಯುತ್ತಾ ಇದ್ದೀನಲ್ಲ!

ಹಳೆ ಪುಟ ಹರಿದು ಹಾಕಿದೆ. ಹೊಸದಾಗಿ ನಾಲ್ಕೇ ಗೆರೆ ಎಳೆದೆ: ತಾರೀಖು, ಬಾರದಾನ ಕಳೆದ ತೂಕ, ಹಾಲು ಎಷ್ಟು ಎಂಎಲ್, ಎದೆ ಮೇಲೆ ಎಷ್ಟು ತಾಸು. ಒಂದೇ ತಕ್ಕಡಿ, ಒಂದೇ ಹೊತ್ತು, ಹಾಲು ಕೊಡೋಕೆ ಮುಂಚೆ. ನಿನ್ನೆಗೂ ಇವತ್ತಿಗೂ ಹೋಲಿಸಲ್ಲ, ಮೂರು ದಿನಕ್ಕೊಂದು ಸಲ ಮಾತ್ರ.

ಆ ನಾಲ್ಕನೇ ಗೆರೆ ಮೊದಲು ಖಾಲಿ ಇತ್ತು. ಹದಿನಾರನೇ ದಿನ ಆಕ್ಸಿಜನ್ ಪೂರ್ತಿ ತೆಗೆದಿದ್ದರು, ನಳಿಕೆಯಲ್ಲಿ ಹಾಲು ಕೊಡೋದೊಂದೇ ಬಾಕಿ. ಡಾಕ್ಟರನ್ನೇ ಕೇಳಿ, ಅವರು ಒಪ್ಪಿದ ಮೇಲೆ, ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಹಾಕಿದೆ. ನೆಂಟರೆಲ್ಲ ಬೈದರು. ಅಲ್ಲಿ ಸರ್ಕಾರದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಕೂಸಿನ ಚಿಕಿತ್ಸೆಗೆ ದುಡ್ಡು ತಗೊಳ್ಳಲ್ಲ. ಅದಕ್ಕಿಂತ ದೊಡ್ಡದು ಅಲ್ಲಿ ಸಿಕ್ಕ ಒಬ್ಬ ಸಿಸ್ಟರ್. ಅವರು ಮೊದಲು ಕೊಪ್ಪಳದಲ್ಲಿ ಕೆಲಸ ಮಾಡಿದ್ದರು. ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಂಗರೂ ಆರೈಕೆಯನ್ನು ದೊಡ್ಡ ಮಟ್ಟದಲ್ಲಿ ಮಾಡಿಸಿದ್ದರಲ್ಲ, ಅದರಲ್ಲಿ ಪಳಗಿದ ಕೈ. ಹೆಂಡತಿಗೆ ಹೊಲಿಗೆ ಇನ್ನೂ ಮಾಗಿರಲಿಲ್ಲ, ಬಿಪಿ ಇಳಿದಿರಲಿಲ್ಲ, ಒಂದು ತಾಸಿನ ಮೇಲೆ ಕೂರೋಕೆ ಆಗ್ತಿರಲಿಲ್ಲ. "ನೀವೇ ಕೂತ್ಕೊಳ್ರಿ ಅಣ್ಣಾ, ನಿಮ್ಮ ಎದೆನೂ ಬಿಸಿನೇ ಇರ್ತದ" ಅಂದರು ಸಿಸ್ಟರ್.

ಮನೆಯಲ್ಲಿ ಗಲಾಟೆ. "ಬಳ್ಳಾರಿ ಬಿಸಿಲಿಗೆ ಕೋಳಿ ಮೊಟ್ಟೆ ತಾನಾಗೇ ಬೇಯ್ತದ, ಕೂಸಿಗೆ ನಿನ್ನ ಕಾವು ಯಾಕೋ" ಅಂದರು ಸೋದರಮಾವ. ಹೊರಗೆ 42 ಡಿಗ್ರಿ ಇದ್ದಿದ್ದು ಹೌದು. ಆದರೆ ವಾರ್ಡಿನೊಳಗೆ ಎಸಿ, ಕೂಸಿನ ಮೈಯಲ್ಲಿ ಕೊಬ್ಬೇ ಇಲ್ಲ. ಅಕ್ಕಪಕ್ಕದ ಹೆಂಗಸರು ನನ್ನ ಎದುರಿಗೇ "ಏಳು ತಿಂಗಳದ್ದು ಉಳೀತದ, ಎಂಟಕ್ಕೆ ಹತ್ತಿರದ್ದು ಉಳಿಯಲ್ಲ" ಅಂತ ಮಾತಾಡಿದರು. ಈ ಪದ್ಧತಿ ಶುರುವಾಗಿದ್ದೇ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ತಾಯಂದಿರ ಎದೆಗೆ ಕಟ್ಟಿದ್ದರಂತೆ ಅಂತ ಸಿಸ್ಟರ್ ಹೇಳಿದ್ದನ್ನೇ ಮಾವನಿಗೆ ಹೇಳಿದೆ. "ಅದು ತಾಯಂದಿರು, ನೀನೇನು ತಾಯಿನಾ" ಅಂದರು.

ಮೊದಲ ದಿನ ಪೂರ್ತಿ ಕೆಟ್ಟಿತು. ಅಂಗಿ ಗುಂಡಿ ಬಿಚ್ಚಿ, ಒಳಗೆ ಕೂಸು ಇಟ್ಟು, ಮೇಲೆ ಟವೆಲ್ ಹೊದ್ದು ಕೂತೆ. ಅರ್ಧ ತಾಸಿಗೆ ನೋಡಿದರೆ ಅವಳ ಮೈ ತಣ್ಣಗಾಗಿ 35.9 ಡಿಗ್ರಿ ಸೆಲ್ಸಿಯಸ್. ಅಂಗಿಯ ಪಕ್ಕದಿಂದ ಗಾಳಿ ಹೋಗುತ್ತಿತ್ತು. ವಾಪಸ್ ವಾರ್ಮರ್‌ಗೆ ಹಾಕಿದರು, ನನ್ನನ್ನು ಹೊರಗೆ ಕಳಿಸಿದರು. ಎರಡನೇ ದಿನ ಸಪಾಟಾಗಿ ಮಲಗಿಬಿಟ್ಟೆ, ಕೂಸಿನ ಕುತ್ತಿಗೆ ಮುಂದಕ್ಕೆ ಮಡಚಿ ಆಕ್ಸಿಜನ್ 82ಕ್ಕೆ ಬಂತು. ಸಿಸ್ಟರ್ ಓಡಿ ಬಂದು ಗದ್ದ ಸ್ವಲ್ಪ ಎತ್ತಿದರು, ಅಷ್ಟೇ, ಸರಿಯಾಯ್ತು. ನನ್ನ ಕೈ ಮಾತ್ರ ಸಂಜೆತನಕ ನಡುಗುತ್ತಿತ್ತು.

ಮೂರನೇ ದಿನ ಹಳೇ ಹತ್ತಿ ಪಂಚೆ ತಂದೆ. ಹೊಸದು ಜಾರುತ್ತೆ, ಹತ್ತಾರು ಸಲ ಒಗೆದು ಮೆತ್ತಗಾಗಿರಬೇಕು. ಕೂಸು ಕಪ್ಪೆ ಥರ ಕಾಲು ಮಡಚಿ, ಮುಖ ಒಂದು ಕಡೆ ತಿರುಗಿಸಿ, ಕಿವಿಯ ಕೆಳಗಿನವರೆಗೆ ಬಟ್ಟೆ. ನಾನು ಅರ್ಧ ಒರಗಿದ ಹಾಗೆ. ಸ್ನಾನ ಮಾಡಿ ಬರಬೇಕು, ಪೌಡರ್, ಸೆಂಟು ಏನೂ ಬೇಡ, ಎಲೆ ಅಡಿಕೆ, ಜರ್ದಾ ವಾಸನೆ ಅಂತೂ ಬೇಡವೇ ಬೇಡ. ಬೆನ್ನ ಹಿಂದೆ ಗಂಟು ಎಲ್ಲಿ ಬರಬೇಕು, ಮಧ್ಯದಲ್ಲಿ ನಳಿಕೆಗೆ ಹೇಗೆ ಜಾಗ ಬಿಡಬೇಕು ಅನ್ನೋದು ನಾನೇ ಕಂಡುಕೊಂಡಿದ್ದು, ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಯಾರಾದರೂ ತಪ್ಪು ಕಟ್ಟುತ್ತಾರೆ. ಬಳ್ಳಾರಿಗೆ ಬನ್ನಿ, ಕಟ್ಟಿ ತೋರಿಸುತ್ತೇನೆ. ರಾತ್ರಿ ಪಾಳಿಯಲ್ಲೂ ನನ್ನನ್ನು ಒಳಗೆ ಬಿಡೋ ಹಾಗೆ ಹೇಗೆ ಒಪ್ಪಿಸಿದೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಪಾದ ಮುಟ್ಟಿ ನೋಡೋದನ್ನು ಮಾತ್ರ ಎಲ್ಲರೂ ಕಲೀಬೇಕು. ಕೈಯ ಹಿಂಭಾಗದಿಂದ ಮೊದಲು ಹೊಟ್ಟೆ, ಆಮೇಲೆ ಪಾದ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗೆ, ಪಾದ ತಣ್ಣಗಿದ್ದರೆ ಕೂಸಿಗೆ ಚಳಿ ಶುರುವಾಗಿದೆ ಅಂತ. ನನ್ನ ಮಗಳ ಪಾದ ಆಗ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಕಮ್ಮಿ ಇತ್ತು, ಉಗುರು ಅಕ್ಕಿ ನುಚ್ಚಿನಷ್ಟು. ಒಂದು ತಾಸು ಎದೆ ಮೇಲಿದ್ದರೆ ಆ ಪಾದ ನಿಧಾನಕ್ಕೆ ಕೆಂಪಾಗೋದು ನನ್ನ ಕಣ್ಣಿಗೆ ಕಾಣುತ್ತಿತ್ತು.

ಲೆಕ್ಕಕ್ಕೆ ಬರ್ತೀನಿ. ಎರಡು ಮೂರು ತಾಸು ಇಟ್ಟ ದಿನಗಳಲ್ಲಿ ದಿನಕ್ಕೆ ಎಂಟು ಹತ್ತು ಗ್ರಾಂ ಏರುತ್ತಿತ್ತು. ನಾನು, ಹೆಂಡತಿ ಸೇರಿ ಎಂಟು ಒಂಬತ್ತು ತಾಸು ಮಾಡಿದ ಮೇಲೆ ಇಪ್ಪತ್ತು ಇಪ್ಪತ್ತೈದು. ಹಾಲೂ ಜಾಸ್ತಿ ಆಗುತ್ತಿತ್ತು, ಹಾಗಾಗಿ ಎಲ್ಲಾ ನನ್ನ ಎದೆಯದೇ ಅಂತ ಹೇಳಲ್ಲ. ಆದರೆ ನನಗೆ ಜ್ವರ ಬಂದು ಮೂರು ದಿನ ಹೋಗದೆ ಇದ್ದಾಗ ತೂಕ ನಿಂತಲ್ಲೇ ನಿಂತಿತು. ಆ ಪುಟವನ್ನು ಮಾವನಿಗೆ ತೋರಿಸಿದೆ. ಓದಿ ಸುಮ್ನೆ ವಾಪಸ್ ಕೊಟ್ಟರು. ಮರುದಿನ ಅವರೇ ನನಗೆ ಊಟದ ಡಬ್ಬಿ ತಂದರು.

ಮಧ್ಯದಲ್ಲಿ ಹಾಲಿನ ಪ್ರಯೋಗ. ಹೆಂಡತಿ ಕೌಲ್ ಬಜಾರಿನಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಲ್ಲಿಂದ ಹಾಲು ತರೋದು ಮೇ ತಿಂಗಳ ಮಧ್ಯಾಹ್ನ. ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ ನಡೀಲಿಲ್ಲ, ಒಂದು ಸಲ ಹಾಲು ಕೆಟ್ಟು ಚೆಲ್ಲಿದೆವು. ಹದಿನೈದು ಎಂಎಲ್ ಅಷ್ಟೇ, ಆದರೆ ಅವಳು ಅರ್ಧ ತಾಸು ಹಿಂಡಿದ್ದು. ಆಮೇಲೆ ಐಸ್ ಹಾಕಿದ ಫ್ಲಾಸ್ಕ್. ನಾನೂರು ರೂಪಾಯಿಯ ಕೈಪಂಪ್ ತಂದೆ, ದಂಡ, ಕೈಯಿಂದ ಹಿಂಡಿದಷ್ಟು ಬರಲಿಲ್ಲ. ಕೊನೆಗೆ ಬರೋ ಹಾಲಿನಲ್ಲಿ ಕೊಬ್ಬು ಜಾಸ್ತಿ ಅಂತ ಸಿಸ್ಟರ್ ಹೇಳಿದ್ದಕ್ಕೆ ಮೊದಲಿಂದು, ಕೊನೇದು ಬೇರೆ ಬೇರೆ ಲೋಟಕ್ಕೆ ಹಿಂಡಿ ಕೊನೇದನ್ನು ಮೊದಲು ಕೊಟ್ಟೆವು. ನಾಲ್ಕೈದು ದಿನ ಮಾಡಿದ್ದು, ಫಲ ಬಂತು ಅಂತ ನನ್ನ ಅನಿಸಿಕೆ, ಪುಟದಲ್ಲಿ ಗಟ್ಟಿ ಲೆಕ್ಕ ಸಿಗಲಿಲ್ಲ.

ನಳಿಕೆ ತೆಗೆದ ಮೇಲೆ ಗೆದ್ದಿದ್ದು ನಮ್ಮ ಅತ್ತೆ. ಜೇನುತುಪ್ಪ ನೆಕ್ಕಿಸ್ತೀನಿ ಅಂತ ದಿನಾ ಜಗಳ ಮಾಡಿದ್ದ ಅತ್ತೆ, ಒಳಲೆ (ಕೂಸಿಗೆ ಹಾಲು ಕುಡಿಸೋ ಚೂಪು ತುದಿಯ ಬಟ್ಟಲು) ಕೈಗೆ ಬಂದ ತಕ್ಷಣ ಬೇರೆಯೇ ಮನುಷ್ಯರಾದರು. ಸ್ಟೀಲಿನದು, ಕುದಿಸಿದ್ದು. ಕೂಸಿನ ತುಟಿ ಮೂಲೆಗೆ ತುದಿ ತಾಗಿಸಿ, ನುಂಗೋವರೆಗೆ ಕಾದು, ಹನಿ ಹನಿ. ನಾನು ಮೂರು ಸಲ ಚೆಲ್ಲಿದ್ದೇನೆ, ಅವರು ಒಂದು ಹನಿ ಚೆಲ್ಲಲಿಲ್ಲ. ಹೊಸ ಸಿಸ್ಟರ್‌ಗಳು ಅವರ ಕೈ ನೋಡೋಕೆ ನಿಲ್ಲುತ್ತಿದ್ದರು.

ನಾಲ್ಕನೇ ವಾರಕ್ಕೆ ಕಣ್ಣಿನ ಪರೀಕ್ಷೆ, ಮತ್ತೆ ಎರಡು ವಾರಕ್ಕೆ ಇನ್ನೊಂದು. ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ, ಕೂಸು ಎಷ್ಟೇ ಗಟ್ಟಿಯಾಗಿ ಕಾಣಲಿ. ನಮ್ಮದು ಸರಿ ಇತ್ತು.

ನಲವತ್ತನಾಲ್ಕನೇ ದಿನ ಮನೆಗೆ ಕಳಿಸಿದರು, 1,740. ಸರ್ಕಾರಿ ಆಸ್ಪತ್ರೆಯ ಇಪ್ಪತ್ತೆಂಟು ದಿನಕ್ಕೆ ನಮಗಾದ ಖರ್ಚು ಊಟ, ಪೆಟ್ರೋಲು, ಐಸು ಎಲ್ಲಾ ಸೇರಿ ಹನ್ನೆರಡು ಸಾವಿರ ಇರಬಹುದು. ಮನೆಯಲ್ಲೂ ಪಂಚೆ ಬಿಡಲಿಲ್ಲ, ಎರಡೂವರೆ ಕೆಜಿ ಆಗೋವರೆಗೆ. ಆಮೇಲೆ ಅವಳೇ ಒದ್ದು ಹೊರಗೆ ಬರುತ್ತಿದ್ದಳು. ಈಗ ಒಂಬತ್ತು ತಿಂಗಳು ತುಂಬಿದೆ, ಆರೂವರೆ ಕೆಜಿ, ಕೂರಿಸಿದರೆ ಕೂರ್ತಾಳೆ. ಸಾಹುಕಾರರ ಅಡ್ವಾನ್ಸ್ ತೀರಿದೆ, ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ಆ ಪಂಚೆ ಈಗ ಕಂಪ್ಲಿ ಕಡೆಯ ಒಬ್ಬ ತಂದೆಯ ಹತ್ತಿರ ಇದೆ. ಹೋದ ವಾರ ವಾರ್ಡಿಗೇ ಹೋಗಿ ಕಟ್ಟಿಕೊಟ್ಟು ಬಂದೆ. ನಿನ್ನೆ ರಾತ್ರಿ ಮೆಸೇಜ್ ಬಂತು, "ಅಣ್ಣಾ 1,390" ಅಂತ. ಬಾರದಾನ ಕಳೆದು ಬರೆದಿದ್ದಾನಾ ಅಂತ ಬೆಳಗ್ಗೆ ಫೋನ್ ಮಾಡಿ ಕೇಳಬೇಕು.