ಗೆಕ್ಕೊ ಗೂಡಿಗೆ ಕಲ್ಲಿನ ನೆಲ

ನಾನು ಸಾಕಿರುವ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯ ಗಾಜಿನ ಗೂಡಿಗೆ ಹಾಕಿರುವುದು ಸ್ಲೇಟ್ ಕಲ್ಲಿನ ಟೈಲ್. ಪಾಲಿಶ್ ಮಾಡಿದ್ದು ಮಾತ್ರ ಬೇಡ. ಗೋಡೆ ಹಲ್ಲಿಗಿರುವಂಥ ಅಂಟುವ ಪಾದ ಇದಕ್ಕಿಲ್ಲ, ಇರುವುದು ಬರೀ ಉಗುರು. ನುಣುಪು ನೆಲದ ಮೇಲೆ ಹುಳು ಹಿಡಿಯೋಕೆ ಹೋಗಿ ಜಾರುತ್ತೆ, ಪಾಪ. ಅಂಗೈಯಿಂದ ಸವರಿ ನೋಡಿ: ತರಿತರಿ ಇರಬೇಕು, ಚುಚ್ಚಬಾರದು. ಅಂಚಿನಲ್ಲಿ ಪದರ ಎದ್ದಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ, ತೊಳೆದು ಒಣಗಿಸಿ.

ಮೊದಲು ತಳದ ಅಳತೆಗೆ ರಟ್ಟು ಕತ್ತರಿಸಿ, ಅದನ್ನೇ ಕೊಟ್ಟು ಟೈಲ್ ಕೊಯ್ಯಿಸಿ. ಗಾಜಿಗೆ ಒತ್ತಿ ಕೂರಿಸಬೇಡಿ, ಸುತ್ತ 2–3 ಮಿ.ಮೀ. ಬಿಡಿ. ಸಂದಿಗೆ ಟಿಶ್ಯೂ ಪೇಪರ್ ಸುರುಳಿ ತುರುಕಿ. ಇಲ್ಲದಿದ್ದರೆ ಅದರ ಊಟಕ್ಕೆ ಬಿಟ್ಟ ಕ್ರಿಕೆಟ್ ಹುಳುಗಳು ಟೈಲ್ ಅಡಿ ಸೇರಿಕೊಂಡು ರಾತ್ರಿಯಿಡೀ ಸಂಗೀತ ಕಚೇರಿ ನಡೆಸುತ್ತವೆ!

ಶಾಖದ ವಿಷಯದಲ್ಲಿ ಅವಸರ ಬೇಡ. ಕಲ್ಲು ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ. ಹೀಟ್ ಮ್ಯಾಟ್‌ಗೆ (ಗೂಡನ್ನು ಅಡಿಯಿಂದ ಬೆಚ್ಚಗಿಡುವ ವಿದ್ಯುತ್ ಹಾಸು) ಥರ್ಮೋಸ್ಟಾಟ್, ಅಂದರೆ ಶಾಖ ಹದದಲ್ಲಿಡುವ ಸಾಧನ, ಇರಲೇಬೇಕು. ಅದರ ಪ್ರೋಬನ್ನು (ಶಾಖ ಅಳೆಯುವ ತುದಿ) ಗೆಕ್ಕೊ ಮಲಗುವ ಕಡೆ, ಟೈಲ್ ಮೇಲೇ ಇಡಿ. ಬೆಚ್ಚಗಿನ ತುದಿಯಲ್ಲಿ ಕಲ್ಲಿನ ಮೈ 32–34 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಇನ್ನೊಂದು ತುದಿ ತಂಪಾಗಿರಲಿ.

ಕಲ್ಲು ತೇವ ಹಿಡಿದಿಡಲ್ಲ, ಅಲ್ವಾ? ಅದಕ್ಕೇ ಒದ್ದೆ ಪಾಚಿ (ಮಾಸ್) ತುಂಬಿದ ಮುಚ್ಚಿದ ಡಬ್ಬಿಗೆ ಬಾಗಿಲು ಕೊರೆದು ಇಡಿ. ಪೊರೆ ಬಿಡುವಾಗ ಅದು ಬೇಕೇ ಬೇಕು.

ಹಿಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ.