ಮಡಚುವ ಸೈಕಲ್‌ಗೆ ಮುಂದಿನ ಗಾಲಿ ಮೋಟಾರ್: ಫೋರ್ಕ್ ಅಳೆಯದೆ ಕಿಟ್ ತರಿಸಬೇಡಿ

ಸೈಕಲ್ಲನ್ನು ಬ್ಯಾಟರಿಯಲ್ಲಿ ಓಡುವಂತೆ ಮಾಡುವ ಕಿಟ್‌ನಲ್ಲಿ ನಡುವೆ ಮೋಟಾರ್ ಇರುವ ಗಾಲಿ, ಬ್ಯಾಟರಿ, ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಇರುತ್ತವೆ. ತರಿಸುವ ಮೊದಲು ಈಗಿರುವ ಮುಂದಿನ ಗಾಲಿ ಬಿಚ್ಚಿ ಪಕ್ಕಕ್ಕಿಡಿ. ಗಾಲಿಯನ್ನು ಎರಡು ಕಡೆಯಿಂದ ಹಿಡಿದಿರುವ ಫೋರ್ಕಿನ ಎರಡೂ ಕಾಲುಗಳ ತುದಿಯಲ್ಲಿ ಆಕ್ಸಲ್ (ಗಾಲಿಯ ಅಚ್ಚು) ಕೂರುವ ಸೀಳು ಇರುತ್ತದಲ್ಲ, ಆ ಎರಡು ತುದಿಗಳ ನಡುವಿನ ಒಳ ಅಗಲವನ್ನು ಸ್ಟೀಲ್ ಪಟ್ಟಿ ಹಿಡಿದು ಅಳೆಯಿರಿ. ಮಾಮೂಲಿ ಸೈಕಲ್‌ಗಳಲ್ಲಿ ಇದು 100 ಮಿ.ಮೀ. ಮಡಚುವ ಸೈಕಲ್‌ಗಳಲ್ಲಿ ಎರಡು ಜಾತಿ. ಕೆಲವು 100 ಮಿ.ಮೀ., ಡಾಹೊನ್, ಬ್ರಾಂಪ್ಟನ್ ಕಂಪನಿಗಳ ಹಲವು ಮಾದರಿ 74 ಮಿ.ಮೀ. ಮಡಚಿದಾಗ ಗಂಟು ತೆಳ್ಳಗಿರಲಿ ಎಂದು ಮುಂದಿನ ಹಬ್ (ಗಾಲಿಯ ನಡುವಿನ ಗುಂಬ) ಕಿರಿದು ಮಾಡಿರುತ್ತಾರೆ. ಮಾರುಕಟ್ಟೆಯ ಬಹುಪಾಲು ಕಿಟ್ 100ರ ಅಳತೆಯವು. ಅದನ್ನು 74ರ ಫೋರ್ಕಿಗೆ ತುರುಕಲು ಕಾಲುಗಳನ್ನು ಎಳೆದು ಅಗಲ ಮಾಡುವವರಿದ್ದಾರೆ. 26 ಮಿ.ಮೀ. ಎಳೆದರೆ ಫೋರ್ಕಿನ ಬುಡದ ಬೆಸುಗೆಗೆ ಪೆಟ್ಟು ಬಿದ್ದೇ ಬೀಳುತ್ತದೆ. 74 ಬಂದರೆ 74ರ ಕಿರಿದಾದ ಮೋಟಾರನ್ನೇ ಕೇಳಿ ತರಿಸಬೇಕು, ಬೇರೆ ದಾರಿ ಇಲ್ಲ.

ಎರಡನೆಯದು ಸೀಳಿನ ಅಗಲ. ಮುಂದಿನ ಗಾಲಿಯ ಸೀಳು ಸಾಮಾನ್ಯವಾಗಿ 9 ಮಿ.ಮೀ. ಸುಮಾರು. ಮೋಟಾರಿನ ಆಕ್ಸಲ್ 12 ಮಿ.ಮೀ. ದಪ್ಪ, ಎರಡು ಕಡೆ ಚಪ್ಪಟೆ ಮಾಡಿದಲ್ಲಿ 10 ಮಿ.ಮೀ. ಈ ಒಂದು ಮಿಲಿಮೀಟರ್‌ಗೆ ಸೀಳಿಗೆ ಫೈಲ್ (ಅರ) ಹೊಡೆಯಬೇಕಾಗುತ್ತದೆ. ಎರಡೂ ಬದಿಗೆ ಅರ್ಧರ್ಧ ಮಿ.ಮೀ. ಹೊಡೆಯಿರಿ, ಒಂದೇ ಬದಿಗೆ ಹೊಡೆದರೆ ಗಾಲಿ ಸೊಟ್ಟ ಕೂರುತ್ತದೆ. ಎರಡು ಮೂರು ಎಳೆತಕ್ಕೊಮ್ಮೆ ಆಕ್ಸಲ್ ಹಾಕಿ ನೋಡಿ. ಬಿಗಿಯಾಗಿ ಜಾರಿ ಇಳಿದರೆ ಸಾಕು, ಸಡಿಲವಾಗಬಾರದು.

ಫೈಲ್ ಹೊಡೆಯುವ ಮುಂಚೆ ಫೋರ್ಕಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಮುಂದುವರಿಯಬಹುದು. ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ. ಉಕ್ಕು ಮುರಿಯುವ ಮುಂಚೆ ಬಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಸೀಳಿನ ಮೂಲೆಯಲ್ಲಿ ಬಿರುಕು ಬಿಟ್ಟು ಹೇಳದೆ ಕೇಳದೆ ಒಡೆಯುತ್ತದೆ. ಮುಂದಿನ ಗಾಲಿ ಕಳಚಿಕೊಂಡರೆ ಬೀಳುವುದು ಮುಖದ ಮೇಲೆ. ಅಲ್ಯೂಮಿನಿಯಂ ಫೋರ್ಕ್ ಇದ್ದರೆ ಉಕ್ಕಿನ ಫೋರ್ಕ್ ಬದಲಿಸಿ ಹಾಕಿ. ಅದು ಸಿಗದಿದ್ದರೆ ಸಣ್ಣ ಮೋಟಾರ್ ಮತ್ತು ಎರಡೂ ಬದಿಗೆ ಟಾರ್ಕ್ ಆರ್ಮ್, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಸ್ಪ್ರಿಂಗ್ ಇರುವ ಸಸ್ಪೆನ್ಷನ್ ಫೋರ್ಕ್, ಕಾರ್ಬನ್ ಫೋರ್ಕ್ ಎರಡಕ್ಕೂ ಮುಂದಿನ ಮೋಟಾರ್ ಬೇಡ.

ಟಾರ್ಕ್ ಆರ್ಮ್ ಎಂದರೆ ಆಕ್ಸಲ್‌ನ ಚಪ್ಪಟೆಯನ್ನು ಹಿಡಿದುಕೊಂಡು ಫೋರ್ಕಿನ ಕಾಲಿಗೆ ಕ್ಲಿಪ್ಪಿನಿಂದ ಕಟ್ಟುವ ಉಕ್ಕಿನ ಪಟ್ಟಿ. ಕಿಟ್ ಮಾರುವವರು ‘ಸಣ್ಣ ಮೋಟಾರಿಗೆ ಬೇಕಾಗಿಲ್ಲ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಮೋಟಾರ್ ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. 30 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) 10 ಮಿ.ಮೀ. ಅಗಲದ ಚಪ್ಪಟೆಯ ಮೇಲೆ ಬಿದ್ದರೆ ಸೀಳಿನ ಅಂಚಿಗೆ ಬೀಳುವ ಒತ್ತಡ ಸುಮಾರು 300 ಕಿಲೋ. ಮೂರು ಜೋಳದ ಚೀಲದ ಭಾರ ಒಂದು ತೆಳು ತಗಡಿನ ಅಂಚಿಗೆ! ಅದೇ ಟಾರ್ಕನ್ನು 10 ಸೆಂ.ಮೀ. ಉದ್ದದ ಆರ್ಮ್ ಹೊತ್ತರೆ 30 ಕಿಲೋಗೆ ಇಳಿಯುತ್ತದೆ. ಆರ್ಮ್ ಇಲ್ಲದ ಸೈಕಲ್‌ನಲ್ಲಿ ಪ್ರತಿ ಸಲ ಮೋಟಾರ್ ಶುರುವಾದಾಗ ಆಕ್ಸಲ್ ಕೂದಲೆಳೆಯಷ್ಟು ಅಲ್ಲಾಡುತ್ತದೆ, ನಟ್ಟು ಸಡಿಲಾಗುತ್ತದೆ, ಸೀಳು ಅಗಲವಾಗುತ್ತದೆ. ಕೊನೆಗೊಂದು ದಿನ ಆಕ್ಸಲ್ ಸುತ್ತಿ ತನ್ನೊಳಗಿನಿಂದ ಬರುವ ವೈರನ್ನೇ ತಿರುಚಿ ಕತ್ತರಿಸುತ್ತದೆ. ಕಿಟ್ ಜೊತೆ ಬರುವ ಆರ್ಮ್ ಫೋರ್ಕಿನ ಆಕಾರಕ್ಕೆ ಕೂರದಿದ್ದರೆ 5 ಮಿ.ಮೀ. ಉಕ್ಕಿನ ತಗಡಿನಲ್ಲಿ ಮಾಡಿಸಿಕೊಳ್ಳಿ. ಬೆಳಗಾವಿಯವರಿಗೆ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಯಾವ ವರ್ಕ್‌ಶಾಪಿನಲ್ಲಾದರೂ ಇದು ಸಣ್ಣ ಕೆಲಸ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಸೈಕಲ್ ಅಂಗಡಿ ಇಟ್ಟು ಉದ್ಯಮ ಆರಂಭಿಸಿದ ಊರು ಬೆಳಗಾವಿ, ಸೈಕಲ್ಲಿಗೆ ಒಂದು ಪಟ್ಟಿ ಮಾಡಿಕೊಡಲು ಮುಖ ತಿರುಗಿಸುವವರು ಕಡಿಮೆ. ಆರ್ಮಿನ ತೂತು ಆಕ್ಸಲ್ ಚಪ್ಪಟೆಗೆ ತಟ್ಟಿ ಕೂರಿಸುವಷ್ಟು ಬಿಗಿಯಾಗಿರಬೇಕು ಎಂದು ಒತ್ತಿ ಹೇಳಿ.

ಇಷ್ಟಾದ ಮೇಲೆ ಮೋಟಾರ್. ಗೇರ್ ಇರುವುದು, ಇಲ್ಲದ್ದು ಎಂದು ಎರಡು ಬಗೆ. ಗೇರ್ ಇಲ್ಲದ್ದು ನಾಲ್ಕೈದು ಕಿಲೋ ತೂಗುತ್ತದೆ, ಬ್ಯಾಟರಿ ಮುಗಿದಾಗ ತುಳಿಯಲು ಭಾರ. ಮಡಚಿ ಬಸ್ಸಿಗೆ ಎತ್ತುವ ಸೈಕಲ್ಲಿಗೆ ಅದು ಹೊಂದುವುದಿಲ್ಲ. ಗೇರ್ ಇರುವ 250 ವ್ಯಾಟಿನ ಸಣ್ಣದು ಎರಡು, ಎರಡೂವರೆ ಕಿಲೋ. ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಇರುವುದರಿಂದ ಮೋಟಾರ್ ಬಂದ್ ಇದ್ದಾಗ ಗಾಲಿ ಹಗುರಾಗಿ ಓಡುತ್ತದೆ. ಗೇರುಗಳು ನೈಲಾನಿನವು, ಅತಿ ಬಿಸಿಯಾದರೆ ಮೆತ್ತಗಾಗಿ ಹಲ್ಲು ಸವೆಯುತ್ತವೆ ಎಂಬುದೊಂದೇ ಅದರ ದೌರ್ಬಲ್ಯ.

250 ವ್ಯಾಟ್ ಸಾಲುತ್ತದೆಯೇ? ಸವಾರ, ಸೈಕಲ್, ಕಿಟ್ ಎಲ್ಲ ಸೇರಿ 90 ಕಿಲೋ ಎನ್ನಿ. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೆ ಸುಮಾರು 250 ವ್ಯಾಟ್ ಬೇಕು. ಅದರಲ್ಲಿ 75–100 ವ್ಯಾಟ್ ಬೆವರಿಲ್ಲದೆ ನಿಮ್ಮ ಕಾಲೇ ಕೊಡುತ್ತದೆ. ಬೆಳಗಾವಿಯ ರೈಲ್ವೆ ಮೇಲ್ಸೇತುವೆ ಹತ್ತಲು, ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಹೋಗಲು ಇಷ್ಟು ಧಾರಾಳ. ವಿಜಯಪುರದಲ್ಲಿ ಏರಿಗಿಂತ ಎದುರುಗಾಳಿ, ಬಿಸಿಲು ಹೆಚ್ಚು ಕಾಡುತ್ತವೆ. ಕಾನೂನಿನ ಗೆರೆಯೂ ಇಲ್ಲೇ ಇದೆ: ಮೋಟಾರ್ ಸತತ 30 ನಿಮಿಷ ಕೊಡಬಲ್ಲ ಶಕ್ತಿ 250 ವ್ಯಾಟ್ ಒಳಗೆ, ವೇಗ 25 ಕಿ.ಮೀ. ಒಳಗೆ ಇರಬೇಕು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಅದಕ್ಕಿಂತ ಮೇಲಿನದು ಮೋಟಾರು ವಾಹನದ ಲೆಕ್ಕ.

ವ್ಯಾಟಿಗಿಂತ ಹೆಚ್ಚು ಜನ ಎಡವುವುದು ಸುತ್ತಿನ ಸಂಖ್ಯೆಯಲ್ಲಿ. 20 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 1.52 ಮೀಟರ್ ಹೋಗುತ್ತದೆ, 26 ಇಂಚಿನದು 2.05 ಮೀಟರ್. 25 ಕಿ.ಮೀ. ವೇಗಕ್ಕೆ ದೊಡ್ಡ ಗಾಲಿ ನಿಮಿಷಕ್ಕೆ 203 ಸುತ್ತು ತಿರುಗಿದರೆ ಸಾಕು, ಸಣ್ಣದು 274 ತಿರುಗಬೇಕು. 26 ಇಂಚಿಗೆಂದು ತಯಾರಿಸಿದ 201 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಮೋಟಾರನ್ನೇ 20 ಇಂಚಿನ ರಿಮ್ಮಿಗೆ ಕಟ್ಟಿ ಕೊಟ್ಟರೆ ಗಾಲಿ ಎತ್ತಿ ಹಿಡಿದಾಗಲೇ 18 ಕಿ.ಮೀ., ಮೇಲೆ ಕೂತರೆ 15ರ ಹತ್ತಿರ. ಭಾರ ಬಿದ್ದಾಗ ಮೋಟಾರ್ ತನ್ನ ಖಾಲಿ ವೇಗದ 80 ಶೇಕಡಾ ಸುಮಾರಿಗೆ ಇಳಿಯುವುದರಿಂದ 36 ವೋಲ್ಟಿನಲ್ಲಿ 300ರಿಂದ 330 ಆರ್‌ಪಿಎಂ ಇರುವುದನ್ನು ಕೇಳಿ, 25ಕ್ಕೆ ತಡೆಯುವ ಕೆಲಸ ಕಂಟ್ರೋಲರ್‌ಗೆ ಬಿಡಿ. 400ರ ಮೇಲಿನದೂ ಬೇಡ. ಅಂಥದ್ದು ಏರಿನಲ್ಲಿ ತನ್ನ ವೇಗದ ಅರ್ಧಕ್ಕಿಂತ ಕೆಳಗೆ ಒದ್ದಾಡುತ್ತ ಕರೆಂಟನ್ನೆಲ್ಲ ಬಿಸಿಯಾಗಿ ಕಳೆಯುತ್ತದೆ. ‘ಯಾವ ವೋಲ್ಟಿಗೆ ಎಷ್ಟು ಆರ್‌ಪಿಎಂ’ ಎಂಬ ಪ್ರಶ್ನೆಗೆ ಉತ್ತರ ಹೇಳದ ಅಂಗಡಿಯಿಂದ ಕೊಳ್ಳಬೇಡಿ.

ರಿಮ್ಮಿನ ಅಳತೆಗೆ ‘20 ಇಂಚು’ ಎಂಬ ಮಾತು ನಂಬುವಂಥದ್ದಲ್ಲ. ಟಯರ್ ಪಕ್ಕದಲ್ಲಿ 47-406 ಥರದ ಸಂಖ್ಯೆ ಇರುತ್ತದೆ, ಮಿ.ಮೀ. ಲೆಕ್ಕದಲ್ಲಿ ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. 406, 451 ಎರಡನ್ನೂ 20 ಇಂಚು ಎಂದೇ ಮಾರುತ್ತಾರೆ. 16 ಇಂಚಿನಲ್ಲಿ 305, 349 ಎಂದು ಎರಡು. ಸಂಖ್ಯೆ ತಪ್ಪಿದರೆ ಟಯರ್ ಕೂರುವುದಿಲ್ಲ, ಬ್ರೇಕ್ ಪ್ಯಾಡೂ ರಿಮ್ಮಿಗೆ ತಾಗುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಕೂರುವ ಮೋಟಾರ್ ಬೇಕು, ಮೋಟಾರಿನ ಹೊಟ್ಟೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ತಾಗುತ್ತದೆಯೇ ಎಂದೂ ವಿಚಾರಿಸಿ. ಗಾಲಿಯ ಕಡ್ಡಿಗಳ (ಸ್ಪೋಕ್) ಕಡೆಯೂ ಕಣ್ಣಿರಲಿ. ದೊಡ್ಡ ಮೋಟಾರ್, ಸಣ್ಣ ರಿಮ್ ಕೂಡಿದಾಗ ಕಡ್ಡಿ ರಿಮ್ಮಿನ ಹತ್ತಿರ ಬಾಗಿ ನಿಂತು ಅಲ್ಲೇ ತುಂಡಾಗುತ್ತದೆ. ದಪ್ಪ ಕಡ್ಡಿ ಎಂದರೆ ಗಟ್ಟಿ ಎಂಬ ಭ್ರಮೆ ಬೇಡ, ಇಷ್ಟು ಗಿಡ್ಡ ಕಡ್ಡಿಗೆ 14 ಗೇಜ್ (2 ಮಿ.ಮೀ. ದಪ್ಪ) ಸರಿ.

ಬ್ಯಾಟರಿ 36 ವೋಲ್ಟ್, 10 ಎಎಚ್ (ಆಂಪಿಯರ್ ಅವರ್) ಎಂದರೆ 360 ವ್ಯಾಟ್ ಅವರ್. ತುಳಿಯುತ್ತ ಹೋದರೆ ಕಿಲೋಮೀಟರಿಗೆ 10–12 ವ್ಯಾಟ್ ಅವರ್ ಖರ್ಚು, ಪೂರ್ತಿ ಬರಿದು ಮಾಡದೆ 25 ಕಿ.ಮೀ. ಭರವಸೆಯಿಂದ ಓಡಬಹುದು. 7 ಎಎಚ್‌ನದು ಹಗುರ ನಿಜ, ಆದರೆ 15 ಆಂಪಿಯರ್ ಕಂಟ್ರೋಲರ್ ಎಳೆತಕ್ಕೆ ಅದರ ಸೆಲ್ಲುಗಳು ಏದುಸಿರು ಬಿಡುತ್ತವೆ. ಬ್ಯಾಟರಿಯೊಳಗಿದ್ದು ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್ ಕನಿಷ್ಠ 20 ಆಂಪಿಯರಿನದು, ಬ್ಯಾಟರಿ ಬಾಯಲ್ಲೇ 20 ಆಂಪಿಯರ್ ಫ್ಯೂಸ್. ಹ್ಯಾಂಡಲಿಗೆ ನೇತು ಹಾಕಿದರೆ ಪ್ರತಿ ತಿರುವಿನಲ್ಲಿ ಜೋಲಿ ಹೊಡೆಯುತ್ತದೆ. ಸೀಟಿನ ಕಂಬದ ಹಿಂದೆ ಅಥವಾ ಫ್ರೇಮಿನ ಮುಂಗಂಬಕ್ಕೆ ಬಿಗಿದ ಚೀಲದಲ್ಲಿಡಿ, ರೈಲು ಹತ್ತುವಾಗ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಚ್ಚಬೇಡಿ. ಲಿಥಿಯಂ ಸೆಲ್ಲಿನ ಒಳಬಿಸಿ 45 ಡಿಗ್ರಿ ದಾಟಿದ್ದಾಗ ಚಾರ್ಜ್ ಮಾಡಿದರೆ ಆಯುಸ್ಸು ಕುಗ್ಗುತ್ತದೆ. ನೆರಳಲ್ಲಿ ಒಂದು ತಾಸು ಆರಲಿ.

ಜೋಡಿಸುವಾಗ ದಿಕ್ಕು ತಪ್ಪುವುದು ಸಾಮಾನ್ಯ. ಮೋಟಾರ್ ಮೇಲೆ ಬಾಣದ ಗುರುತು ಇಲ್ಲದಿದ್ದರೆ ವೈರ್ ಜೋಡಿಸದೆ ಗಾಲಿಯನ್ನು ಕೈಯಿಂದ ತಿರುಗಿಸಿ: ಹಗುರಾಗಿ ತಿರುಗುವ ದಿಕ್ಕೇ ಮುಂದೆ ಹೋಗುವ ದಿಕ್ಕು, ಒಳಗೆ ಏನೋ ಹಿಡಿದಂತೆ ಗುರುಗುಟ್ಟಿದರೆ ಹಿಂದೆ. ಫೋರ್ಕಿನ ಸೀಳಿನ ಸುತ್ತ ತಗ್ಗು ಇದ್ದರೆ ವಾಷರ್ ಆ ತಗ್ಗಿನೊಳಗೆ ಪೂರ್ತಿ ಕೂರಬೇಕು. ತಗ್ಗಿನ ಅಂಚಿನ ಮೇಲೆ ನಿಂತ ವಾಷರ್ ಮೇಲೆ ಎಷ್ಟು ಬಿಗಿದರೂ ನಟ್ಟು ಸಡಿಲಾಗುತ್ತದೆ. ಬಿಗಿತ 35–40 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದವರು 25 ಸೆಂ.ಮೀ. ಉದ್ದದ ಪಾನಾದ ತುದಿಗೆ 15 ಕಿಲೋ ಭಾರ ಬೀಳುವಷ್ಟು ಒತ್ತಿದರೆ ಅದೇ ಆಯಿತು. ಆಕ್ಸಲ್‌ನಿಂದ ಹೊರಬರುವ ವೈರ್ ಮೊದಲು ಕೆಳಗೆ ಬಾಗಿ, ಕುಣಿಕೆ ಹಾಕಿ ಮೇಲೇರಲಿ. ಬೆಳಗಾವಿಯ ಜಡಿಮಳೆಯ ನೀರು ವೈರ್ ಹಿಡಿದು ಇಳಿದು ಆ ಕುಣಿಕೆಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಮೋಟಾರಿನೊಳಗೆ ನುಗ್ಗುವುದಿಲ್ಲ. ಕೇಬಲ್‌ಗಳನ್ನು ಟ್ಯಾಗಿನಿಂದ ಕಟ್ಟುವ ಮೊದಲು ಸೈಕಲ್ಲನ್ನು ಹತ್ತು ಸಲ ಮಡಚಿ ಬಿಚ್ಚಿ. ಮಡಿಕೆ ಇರುವಲ್ಲಿ ಸಿಕ್ಕಿಕೊಳ್ಳುವ ವೈರ್, ಹಿಂದಿನ ಗಾಲಿಯ ಕಡ್ಡಿಗೆ ತಾಗುವ ಆಕ್ಸಲ್ ನಟ್ಟು, ಎರಡೂ ಆಗಲೇ ಬಯಲಾಗುತ್ತವೆ. ಐದು ಕಿ.ಮೀ. ಓಡಿಸಿ ನಟ್ಟು ಮತ್ತೊಮ್ಮೆ ಬಿಗಿಯಿರಿ, ನೂರು ಕಿ.ಮೀ.ಗೆ ಕಡ್ಡಿ ಬಿಗಿಸಿ.

ಮೋಟಾರ್ ಗಾಲಿ ಮುಂದೆ ಇರುವುದರಿಂದ ಹಸಿ ಎರೆಮಣ್ಣು, ಸಡಿಲ ಖಡಿ ಮೇಲೆ ತಿರುವಿನಲ್ಲಿ ಥ್ರಾಟಲ್ (ಮೋಟಾರ್ ಓಡಿಸುವ ಹಿಡಿ) ಒತ್ತಬೇಡಿ. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿ ಹಗುರಾಗಿರುತ್ತದೆ, ಅಲ್ಲೇ ಸುತ್ತಿ ಜಾರುತ್ತದೆ. ಎರೆಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿ ನಿಂತರೆ ಮೋಟಾರಿನಿಂದ ತಿರುಗಿಸಲು ಹೋಗದೆ ಇಳಿದು ಕಟ್ಟಿಗೆಯ ತುಂಡಿನಿಂದ ಕೆದರಿ ತೆಗೆಯಿರಿ.

ಇನ್ನು ಜಾಲಿ ಮುಳ್ಳು. ಮೋಟಾರ್ ಗಾಲಿ ಪಂಕ್ಚರ್ ಆದರೆ ಗಾಲಿ ಬಿಚ್ಚುವುದು ದೊಡ್ಡ ರಾಮಾಯಣ: ಕನೆಕ್ಟರ್, ಆರ್ಮ್, 18 ಅಥವಾ 19ರ ಪಾನಾ, ಎಲ್ಲ ಬೇಕು. ಬಿಚ್ಚುವ ಅಗತ್ಯವೇ ಇಲ್ಲ. ಟಯರಿನ ಒಂದು ಬದಿಯನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿ ತೂತು ಹುಡುಕಿ ಪ್ಯಾಚ್ ಹಚ್ಚಿ. ಟಯರ್ ಒಳಮೈಗೆ ಬೆರಳು ಸವರಿ ಮುಳ್ಳಿನ ತುದಿ ಉಳಿದಿದೆಯೇ ನೋಡಿದ ಮೇಲೆಯೇ ಟ್ಯೂಬ್ ಒಳಗೆ ಹಾಕಿ.