ವಿಜ್ಞಾನದ ಇತಿಹಾಸವನ್ನು ಸಾಮಾನ್ಯ ಓದುಗರಿಗೆ ರುಚಿಸುವಂತೆ ಬರೆಯುವುದು: ರಾಮನ್ ಪರಿಣಾಮದ ಉದಾಹರಣೆ

ಭೌತವಿಜ್ಞಾನಿ ಸಿ.ವಿ. ರಾಮನ್ ಕಂಡುಹಿಡಿದ ರಾಮನ್ ಪರಿಣಾಮವನ್ನು, ಅಂದರೆ ವಸ್ತುವಿನೊಳಗೆ ಚದುರಿದ ಬೆಳಕಿನ ಒಂದು ಸಣ್ಣ ಭಾಗ ಬಣ್ಣ ಬದಲಿಸಿಕೊಳ್ಳುವುದನ್ನು, ಕುರಿತು ಕನ್ನಡದಲ್ಲಿ ಬರುವ ಲೇಖನಗಳಲ್ಲಿ ಹೆಚ್ಚಿನವು ಒಂದೇ ದಾರಿಯಲ್ಲಿ ಸಾಗುತ್ತವೆ. 1888ರಲ್ಲಿ ತಿರುಚಿರಾಪಳ್ಳಿಯ ಬಳಿ ಜನನ, ಮದರಾಸಿನಲ್ಲಿ ವಿದ್ಯಾಭ್ಯಾಸ, ಕಲ್ಕತ್ತೆಯಲ್ಲಿ ಸರ್ಕಾರಿ ನೌಕರಿ, 1921ರ ಹಡಗಿನ ಪ್ರಯಾಣದಲ್ಲಿ ಕಡಲಿನ ನೀಲಿಯನ್ನು ಕಂಡು ಹುಟ್ಟಿದ ಪ್ರಶ್ನೆ, 1928ರ ಫೆಬ್ರುವರಿ 28ರಂದು ಆವಿಷ್ಕಾರ, 1930ರಲ್ಲಿ ನೊಬೆಲ್ ಪ್ರಶಸ್ತಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಡಲಿನ ಪ್ರಶ್ನೆಗೂ ಪ್ರಯೋಗಾಲಯದ ಉತ್ತರಕ್ಕೂ ನಡುವೆ ಸುಮಾರು ಏಳು ವರ್ಷಗಳ ಅಂತರವಿದೆ, ಮತ್ತು ಓದುಗರನ್ನು ಹಿಡಿದು ಕೂರಿಸಬಲ್ಲ ಸಂಗತಿಗಳೆಲ್ಲವೂ ಆ ಏಳು ವರ್ಷಗಳಲ್ಲಿಯೇ ಇವೆ. ವಿಜ್ಞಾನದ ಇತಿಹಾಸವನ್ನು ಬರೆಯಲು ಹೊರಟವರು ಮೊದಲು ಮಾಡಬೇಕಾದದ್ದು ಇಷ್ಟೇ: ಉತ್ತರ ಗೊತ್ತಿರುವ ನಮ್ಮ ಕಾಲದಿಂದ ಹಿಂದಿರುಗಿ ನೋಡುವುದನ್ನು ಬಿಟ್ಟು, ಉತ್ತರ ಇನ್ನೂ ಗೊತ್ತಿಲ್ಲದಿದ್ದವರ ಪಕ್ಕದಲ್ಲಿ ನಿಂತು ಬರೆಯುವುದು.

ಆದ್ದರಿಂದ ಬರಹವನ್ನು ಹುಟ್ಟಿದ ದಿನಾಂಕದಿಂದಲ್ಲ, ಪ್ರಶ್ನೆಯಿಂದ ಆರಂಭಿಸಿ. ಪ್ರಶ್ನೆಯ ಬೆನ್ನಿಗೇ, ಆ ಕಾಲದ ತಿಳಿವಳಿಕಸ್ಥರು ಅದಕ್ಕೆ ಯಾವ ಉತ್ತರವನ್ನು ಒಪ್ಪಿಕೊಂಡಿದ್ದರು ಎಂಬುದನ್ನೂ ಹೇಳಿ. ಕಡಲಿನ ನೀಲಿ ಕೇವಲ ಆಕಾಶದ ನೀಲಿಯ ಪ್ರತಿಫಲನ ಎಂದು ಬ್ರಿಟನ್ನಿನ ಲಾರ್ಡ್ ರ್‍ಯಾಲೆ ಹೇಳಿದ್ದರು. ಆಕಾಶ ಏಕೆ ನೀಲಿಯಾಗಿದೆ ಎಂಬುದನ್ನು ವಿವರಿಸಿದವರೇ ಅವರಾದ್ದರಿಂದ ಆ ಮಾತಿಗೆ ತೂಕವಿತ್ತು. ಇಂಗ್ಲೆಂಡಿನಿಂದ ಎಸ್.ಎಸ್. ನಾರ್ಕುಂಡಾ ಹಡಗಿನಲ್ಲಿ ಮರಳುತ್ತಿದ್ದ ರಾಮನ್ ಅವರು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದು ನೋಡಿದರು. ಪ್ರತಿಫಲನವೇ ಕಾರಣವಾಗಿದ್ದರೆ ನೀಲಿ ಮಾಯವಾಗಬೇಕಿತ್ತು. ಅದು ಮಾಯವಾಗದೆ ಇನ್ನಷ್ಟು ಗಾಢವಾಗಿ ಕಂಡಿತು. ಹಡಗು ಬೊಂಬಾಯಿ ಬಂದರು ಸೇರಿದಾಗ ಅವರು ಇದನ್ನು ಬರೆದು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಗೆ ಕಳುಹಿಸಿದರು.

ಇಲ್ಲಿ ಓದುಗರ ಕೈಗೂ ಒಂದು ಕೆಲಸ ಕೊಡಬಹುದು. ಧ್ರುವೀಕರಣದ ಗುಣವುಳ್ಳ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಊರಿನ ಕೆರೆಯ ದಂಡೆಯಲ್ಲಿಯೋ ಮಲ್ಪೆಯ ದೋಣಿಯಲ್ಲಿಯೋ ನಿಂತು, ನೀರನ್ನು ಓರೆಯಾಗಿ, ಅಂದರೆ ಲಂಬರೇಖೆಯಿಂದ ಸುಮಾರು 53 ಡಿಗ್ರಿ ಕೋನದಲ್ಲಿ ನೋಡುತ್ತಾ ತಲೆಯನ್ನು ಒಂದು ಭುಜದ ಕಡೆಗೆ ವಾಲಿಸಿದರೆ, ನೀರಿನ ಮೇಲಿನ ಥಳಕು ಹೆಚ್ಚುವುದೂ ತಲೆಯನ್ನು ನೇರ ಮಾಡಿದರೆ ಕುಗ್ಗುವುದೂ ಯಾರಿಗಾದರೂ ಕಾಣುತ್ತದೆ. ಅದನ್ನು ಒಮ್ಮೆ ಕಂಡವರಿಗೆ ಹಡಗಿನ ಪ್ರಯೋಗವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇದೇ ಜಾಗದಲ್ಲಿ ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದಲೇ ಕಡಲು ನೀಲಿ ಎಂದು ರಾಮನ್ ತೀರ್ಮಾನಿಸಿದರು; ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೇ ಮುಖ್ಯ ಕಾರಣ ಎಂದು ಇಂದು ತಿಳಿದಿದೆ. ದೊಡ್ಡವರ ಉತ್ತರ ಅಪೂರ್ಣವಾಗಿತ್ತು ಎಂದು ಹೇಳುವುದರಿಂದ ಅವರ ಗೌರವಕ್ಕೆ ಕುಂದು ಬರುವುದಿಲ್ಲ, ಅದನ್ನು ಮುಚ್ಚಿಟ್ಟರೆ ಮಾತ್ರ ಓದುಗರ ನಂಬಿಕೆಗೆ ಪೆಟ್ಟು ಬೀಳುತ್ತದೆ.

ಮುಂದಿನ ಭಾಗದಲ್ಲಿ ಆತುರಪಡಬೇಡಿ, ಏಕೆಂದರೆ ಇದೇ ಕಥೆಯ ಜೀವಾಳ. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ರಾಮನ್ ಮತ್ತು ಅವರ ವಿದ್ಯಾರ್ಥಿಗಳು ದ್ರವಗಳಲ್ಲಿ ಬೆಳಕು ಚದುರುವುದನ್ನು ಅಳೆಯತೊಡಗಿದರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ, ಒಳಗೆ ಬಿಟ್ಟ ಬೆಳಕಿನಲ್ಲಿ ಇರದಿದ್ದ ಬಣ್ಣದ ಮಸುಕು ಛಾಯೆಯೊಂದು ಚದುರಿ ಬಂದ ಬೆಳಕಿನಲ್ಲಿ ಕಂಡಿತು. ದ್ರವದಲ್ಲಿ ಉಳಿದ ಕಲ್ಮಶದ ಪ್ರತಿದೀಪ್ತಿ (ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊರಸೂಸುವುದು) ಇದು ಎಂಬುದು ಆಗ ಯಾರಾದರೂ ಮಾಡಬಹುದಾಗಿದ್ದ ಸಹಜವಾದ ಊಹೆ. ಹಾಗಿದ್ದರೆ ದ್ರವವನ್ನು ಶುದ್ಧೀಕರಿಸಿದಷ್ಟೂ ಅದು ಕುಗ್ಗಬೇಕು. ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಕುಗ್ಗಲಿಲ್ಲ. ಅನಂತರ ಎಸ್. ವೆಂಕಟೇಶ್ವರನ್ ಅವರು ಚೆನ್ನಾಗಿ ಶುದ್ಧೀಕರಿಸಿದ ಗ್ಲಿಸರಿನ್‌ನಲ್ಲಿ ಸೂರ್ಯನ ಬೆಳಕು ನೀಲಿಯ ಬದಲು ಹೊಳೆಯುವ ಹಸಿರಾಗಿ ಚದುರುವುದನ್ನು ಗಮನಿಸಿದರು, ಮತ್ತು ಆ ಬೆಳಕು ಬಲವಾಗಿ ಧ್ರುವೀಕೃತವಾಗಿತ್ತು. ಸಾಮಾನ್ಯವಾಗಿ ಪ್ರತಿದೀಪ್ತಿಗೆ ಅಷ್ಟು ಬಲವಾದ ಧ್ರುವೀಕರಣ ಇರುವುದಿಲ್ಲ. ಒಪ್ಪಿಕೊಂಡಿದ್ದ ವಿವರಣೆ ಹೀಗೆ ಒಂದೊಂದೇ ಎಳೆಯಾಗಿ ಸಡಿಲಗೊಂಡದ್ದನ್ನು ಅದೇ ಅನುಕ್ರಮದಲ್ಲಿ, ತೀರ್ಪನ್ನು ಮೊದಲೇ ಬಿಟ್ಟುಕೊಡದೆ ಬರೆದರೆ, ಓದುಗರು ತಾವಾಗಿಯೇ ‘ಹಾಗಾದರೆ ಇದೇನು?’ ಎಂದು ಕೇಳುವ ಹಂತಕ್ಕೆ ಬರುತ್ತಾರೆ.

ಆ ಪ್ರಶ್ನೆ ಮೂಡಿದ ಮೇಲೆಯೇ ಉಪಕರಣವನ್ನು ತೋರಿಸಬೇಕು, ಮತ್ತು ತೋರಿಸುವಾಗ ಬಿಡಿ ಬಿಡಿಯಾಗಿ ತೋರಿಸಬೇಕು. 18 ಸೆಂಟಿಮೀಟರ್ ಅಗಲದ ದೂರದರ್ಶಕ ಮಸೂರವೊಂದು ಬಿಸಿಲನ್ನು ಒಟ್ಟುಗೂಡಿಸುತ್ತದೆ. ಇನ್ನೊಂದು ಮಸೂರ ಅದನ್ನು ದ್ರವ ತುಂಬಿದ ಗಾಜಿನ ಬುರುಡೆಯೊಳಕ್ಕೆ ಹಾಯಿಸುತ್ತದೆ. ಬೆಳಕಿನ ದಾರಿಯಲ್ಲಿ ನೀಲಿ-ನೇರಳೆಯನ್ನು ಮಾತ್ರ ಬಿಡುವ ಫಿಲ್ಟರ್ ಇದೆ. ಹಳದಿ-ಹಸಿರನ್ನು ಮಾತ್ರ ಬಿಡುವ ಎರಡನೆಯ ಫಿಲ್ಟರನ್ನು ಮೊದಲನೆಯದರ ಜೊತೆಗೇ ಇಟ್ಟರೆ ಬುರುಡೆಯೊಳಕ್ಕೆ ಬೆಳಕೇ ಹೋಗುವುದಿಲ್ಲ, ಎಲ್ಲವೂ ಕತ್ತಲು. ಆ ಎರಡನೆಯ ಫಿಲ್ಟರನ್ನು ಅಲ್ಲಿಂದ ತೆಗೆದು ನೋಡುವವರ ಕಣ್ಣಿನ ಮುಂದೆ ಇಟ್ಟರೆ ಬುರುಡೆಯೊಳಗೆ ಬೆಳಕಿನ ಜಾಡು ಮಸುಕಾಗಿ ಕಾಣುತ್ತದೆ. ಎಂದರೆ ನೀಲಿಯಾಗಿ ಒಳಗೆ ಹೋದ ಬೆಳಕಿನ ಸ್ವಲ್ಪ ಭಾಗ ದ್ರವದೊಳಗೆ ಬಣ್ಣ ಬದಲಿಸಿಕೊಂಡು ಹೊರಬಂದಿದೆ. ಅದರ ಪ್ರಮಾಣ ಸುಮಾರು ಕೋಟಿಗೊಂದರಷ್ಟು ಮಾತ್ರ ಎಂಬ ಅಂಕಿಯನ್ನು ಇಲ್ಲಿಯೇ ಹೇಳಿ. ಅಷ್ಟು ದೊಡ್ಡ ಮಸೂರವೂ ಪ್ರಖರವಾದ ಬಿಸಿಲೂ ಏಕೆ ಬೇಕಾದವು ಎಂಬುದು ಆಗ ತಾನೇ ತಿಳಿಯುತ್ತದೆ. ಫೆಬ್ರುವರಿ 28ರಂದು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಿಂದ ನೋಡಿದಾಗ ಮೂಲ ಬೆಳಕಿಗೂ ಹೊಸ ಬೆಳಕಿಗೂ ನಡುವೆ ಒಂದು ಕಪ್ಪು ಅಂತರ ಎದ್ದು ಕಂಡಿತು. ಇಷ್ಟು ಸಿದ್ಧತೆ ಆದ ಮೇಲೆ ಆ ಕಪ್ಪು ಪಟ್ಟಿಯನ್ನು ಕುರಿತು ಒಂದೇ ವಾಕ್ಯ ಬರೆದರೂ ಸಾಕು.

ಜನರ ವಿಷಯದಲ್ಲಿ ಜಿಪುಣತನ ಮಾಡಬಾರದು. ಕೆ.ಎಸ್. ಕೃಷ್ಣನ್ ಅವರನ್ನು ‘ಶಿಷ್ಯರ ನೆರವಿನಿಂದ’ ಎಂಬ ಎರಡು ಪದಗಳಲ್ಲಿ ಮುಗಿಸುವುದು ಅನ್ಯಾಯ. ‘ನೇಚರ್’ಗೆ ಹೋದ ಮೊದಲ ಪತ್ರದಲ್ಲಿ ಅವರ ಹೆಸರೂ ಇದೆ, ಆ ಫೆಬ್ರುವರಿಯ ಅವರ ದಿನಚರಿ ಇಂದಿಗೂ ನಮಗಿರುವ ಅತ್ಯಂತ ಹತ್ತಿರದ ಸಾಕ್ಷ್ಯ. ಹಾಗೆಯೇ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅವರು ಇದೇ ವಿದ್ಯಮಾನವನ್ನು ಸ್ಫಟಿಕದಲ್ಲಿ ಫೆಬ್ರುವರಿ 21ರಂದೇ ಕಂಡು, ಪ್ರಕಟಿಸುವಲ್ಲಿ ತಡಮಾಡಿದ ಸಂಗತಿಯನ್ನು ಬಿಡಬಾರದು. ರಾಷ್ಟ್ರಾಭಿಮಾನದಿಂದ ಅದನ್ನು ಕೈಬಿಟ್ಟ ಬರಹಗಳು ಕಥೆಯ ಅತ್ಯಂತ ಬಿಗಿಯಾದ ತಿರುವನ್ನೇ ಕಳೆದುಕೊಂಡಿವೆ.

ಮೂಲಗಳನ್ನು ಹುಡುಕಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ರಾಮನ್ ಅವರು 1928ರ ಮಾರ್ಚ್ 16ರಂದು ಈ ಆವಿಷ್ಕಾರವನ್ನು ವಿವರವಾಗಿ ಮಂಡಿಸಿದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1923ರಿಂದ ನಡೆದ ಹುಡುಕಾಟವನ್ನೂ ಗ್ಲಿಸರಿನ್‌ನ ಹಸಿರನ್ನೂ ಆ ಉಪನ್ಯಾಸದಲ್ಲಿ ಅವರೇ ಹೇಳುತ್ತಾರೆ. ಅವರ ಪ್ರಬಂಧಗಳನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ಅಂತರ್ಜಾಲದಲ್ಲಿ ಮುಕ್ತವಾಗಿ ಇರಿಸಿದೆ. ಇವುಗಳನ್ನು ಓದಿಯೇ ಬರೆಯಿರಿ, ಮತ್ತು ದಾಖಲೆಯಲ್ಲಿ ಇಲ್ಲದ ಸಂಭಾಷಣೆಯನ್ನು ಎಂದೂ ಹೆಣೆಯಬೇಡಿ. ‘ಸಿಕ್ಕಿತು!’ ಎಂದು ವಿಜ್ಞಾನಿಯ ಬಾಯಲ್ಲಿ ಕೂಗಿಸುವ ಒಂದು ಸಾಲು, ಉಳಿದ ಎಲ್ಲ ನಿಜವಾದ ಸಾಲುಗಳ ಮೇಲೂ ಅನುಮಾನ ಹುಟ್ಟಿಸುತ್ತದೆ.

ಕಥೆಯನ್ನು ನೊಬೆಲ್ ಪ್ರಶಸ್ತಿಯಲ್ಲಿ ನಿಲ್ಲಿಸುವ ಅಗತ್ಯವಿಲ್ಲ. 1960ರಲ್ಲಿ ಲೇಸರ್ ಬಂದ ಮೇಲೆ ಈ ಕ್ಷೀಣ ಬೆಳಕನ್ನು ಹಿಡಿಯುವುದು ಸುಲಭವಾಗಿ, ಔಷಧಗಳ ಮತ್ತು ರತ್ನಗಳ ಪರೀಕ್ಷೆಯವರೆಗೆ ಅದರ ಬಳಕೆ ಹರಡಿತು. ಆದರೆ ಇದಕ್ಕೆ ಒಂದು ಪ್ಯಾರಾ ಮೀಸಲಿಟ್ಟರೆ ಸಾಕು.

ಬರೆದು ಮುಗಿಸಿದ ಮೇಲೆ ಕರಡನ್ನು ಹತ್ತನೆಯ ತರಗತಿಯ ನಂತರ ವಿಜ್ಞಾನ ಓದದ ಒಬ್ಬರಿಗೆ ಕೊಟ್ಟು, ಓದು ಎಲ್ಲಿ ನಿಂತಿತು ಎಂದು ಗುರುತು ಹಾಕಲು ಹೇಳಿ. ಅಲ್ಲಿರುವ ಪಾರಿಭಾಷಿಕ ಪದವೇ ತೊಡಕು ಎಂದು ತಕ್ಷಣ ಭಾವಿಸಬೇಡಿ. ‘ಧ್ರುವೀಕರಣ’ ಎಂಬ ಪದಕ್ಕೆ ಕೂಲಿಂಗ್ ಗ್ಲಾಸಿನ ಅನುಭವ ಮೊದಲೇ ಸಿಕ್ಕಿದ್ದರೆ ಅದನ್ನು ಯಾರೂ ಎಡವುವುದಿಲ್ಲ. ಸಾಮಾನ್ಯವಾಗಿ ಗುರುತು ಬಿದ್ದ ಸಾಲಿಗಿಂತ ಎರಡು ಮೂರು ಸಾಲು ಹಿಂದೆ ತರ್ಕದ ಒಂದು ಹೆಜ್ಜೆ ಬಿಟ್ಟುಹೋಗಿರುತ್ತದೆ. ಅದನ್ನು ಹುಡುಕಿ ತುಂಬಿ, ಅದೇ ಭಾಗವನ್ನು ಇನ್ನೊಬ್ಬರಿಗೆ ಓದಲು ಕೊಡಿ.